ಆರರಲ್ಲಿ ಮೂರು ಅಂದರೆ ಅರ್ಧ ಕೆಟ್ಟಿದೆಯೇ?

ಬರ್ಮಿಂಗ್‌ಹ್ಯಾಮಿನಲ್ಲಿ ನಮ್ಮ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರು, ನನ್ನನ್ನು ಎಡಮಗ್ಗುಲಿಗೆ ಮಲಗಿಸಿ ಸ್ಟೆತಸ್ಕೋಪನ್ನು ಕಂಕುಳವರೆಗೂ ಸರಿಸಿ ಆಲಿಸಿದರು. 'ಮರ್ಮರ್ ಇದೆ, ಆರರಲ್ಲಿ ಮೂರು' ಎಂದು ಬರೆದು ಎಕೋಗೆ, ಅಂದರೆ ಹೃದಯದ ಸ್ಕ್ಯಾನಿಗೆ, ಕಳಿಸಿದರು. ಮರ್ಮರ್ ಎಂದರೆ ಎದೆಬಡಿತದ ನಡುವೆ ಕೇಳುವ ಸುಯ್ ಎಂಬ ಹೆಚ್ಚುವರಿ ಸದ್ದು. ಸರದಿ ಬರಲು ಏಳು ವಾರ ಹಿಡಿಯಿತು. ಅಷ್ಟೂ ದಿನ, ಮೂರು ಅಂದರೆ ಅರ್ಧ ಹೃದಯ ಕೆಟ್ಟಿದೆ ಎಂದೇ ನನ್ನ ಲೆಕ್ಕ.

ಅದೇ ವರ್ಷ ಅಮ್ಮ ಶಿವಮೊಗ್ಗದಿಂದ ಬೆಂಗಳೂರಿಗೆ ತಂಗಿಯ ಮನೆಗೆ ಬಂದಿದ್ದರು. ಒಂದೇ ಬೆಳಿಗ್ಗೆ ಹೆಲ್ತ್ ಚೆಕಪ್ ಪ್ಯಾಕೇಜು, ಎಕೋ ಸೇರಿ ಎಲ್ಲ ಮುಗಿಯಿತು. ಎದೆಗೆ ಸ್ಟೆತಸ್ಕೋಪ್ ಮಾತ್ರ ಯಾರೂ ಇಡಲಿಲ್ಲ. ರಿಪೋರ್ಟಿನಲ್ಲಿ 'ಟ್ರಿವಿಯಲ್ ಎಂಆರ್', ಅಂದರೆ ಹೃದಯದ ಎಡಭಾಗದ ಮೈಟ್ರಲ್ ಕವಾಟದಲ್ಲಿ ತೀರ ಅಲ್ಪ ಸೋರಿಕೆ. ರಾತ್ರಿ ತಂಗಿ ಫೋನಿನಲ್ಲಿ ಅತ್ತಳು: "ಅಣ್ಣಾ, ಅಮ್ಮನ ವಾಲ್ವ್ ಲೀಕ್ ಆಗ್ತಿದೆಯಂತೆ." ಅಷ್ಟು ಸಣ್ಣ ಸೋರಿಕೆ ಎಷ್ಟೋ ಆರೋಗ್ಯವಂತರ ಎಕೋದಲ್ಲೂ ಕಾಣುತ್ತದೆ ಎಂದು ಅವಳಿಗೆ ಹೇಳುವವರೇ ಇರಲಿಲ್ಲ.

ನನ್ನ ಲೆಕ್ಕ ತಪ್ಪಿದ್ದೂ ನನ್ನ ಎಕೋ ದಿನವೇ ಗೊತ್ತಾಯಿತು. ಆ ಆರು ದರ್ಜೆ ಬಾಸ್ಟನ್ನಿನ ಹೃದಯತಜ್ಞ ಸ್ಯಾಮ್ಯುಯೆಲ್ ಲೆವಿನ್ 1933ರಲ್ಲಿ ಕೊಟ್ಟದ್ದು. ಅದು ಅಳೆಯುವುದು ಸದ್ದನ್ನು, ಸೋರಿಕೆಯನ್ನಲ್ಲ. ನಾಲ್ಕರಿಂದ ಮೇಲೆ ಎದೆಯ ಮೇಲಿಟ್ಟ ಅಂಗೈಗೂ ಅದುರು ತಾಗುತ್ತದೆ. ಬಹುಕಾಲದಿಂದ ಸೋರುತ್ತಿರುವ ಮೈಟ್ರಲ್ ಕವಾಟದಲ್ಲಿ ಜೋರು ಸದ್ದಿಗೂ ದೊಡ್ಡ ಸೋರಿಕೆಗೂ ಒಂದಿಷ್ಟು ನಂಟಿದೆ, ನಿಜ. ಆದರೆ ಭದ್ರಾ ನಾಲೆಯ ತೂಬು ನೋಡಿದವರಿಗೆ ಉಳಿದದ್ದು ತಾನೇ ಹೊಳೆಯುತ್ತದೆ. ಹಲಗೆ ಚೂರೇ ಎತ್ತಿದರೆ ನೀರು ಭೋರ್ಗರೆಯುತ್ತದೆ. ಎರಡೂ ಕಡೆ ಮಟ್ಟ ಸಮವಾದರೆ ಬಾಯಿ ಪೂರಾ ತೆರೆದಿದ್ದರೂ ಸದ್ದಿಲ್ಲ. ಮೈಟ್ರಲ್ ಕವಾಟವನ್ನು ಹಿಡಿದಿಡುವ ತಂತು ದಿಢೀರನೆ ಕಡಿದಾಗ ಆಗುವುದೂ ಇದೇ. ಸೋರಿದ ರಕ್ತ ನುಗ್ಗುವ ಮೇಲಿನ ಕೋಣೆಗೆ, ಅಂದರೆ ಎಡ ಹೃತ್ಕರ್ಣಕ್ಕೆ, ಹಿಗ್ಗಲು ಪುರಸೊತ್ತಿರುವುದಿಲ್ಲ, ಕವಾಟದ ಎರಡೂ ಕಡೆ ಒತ್ತಡ ಬೇಗ ಸಮವಾಗಿಬಿಡುತ್ತದೆ. ರೋಗಿ ಉಸಿರಿಗೆ ಒದ್ದಾಡುತ್ತಿದ್ದರೂ ಮರ್ಮರ್ ಕ್ಷೀಣವಾಗಿ, ಚುಟುಕಾಗಿ ಕೇಳಬಹುದು, ಕೇಳದೆಯೂ ಇರಬಹುದು. ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಕವಾಟದ ಹಳೆಯ ಸೋರಿಕೆಯಲ್ಲಿ ಸದ್ದಿನ ಜೋರಿಗಿಂತ ಅದು ಎಷ್ಟು ಹೊತ್ತು ಕೇಳುತ್ತದೆ ಎಂಬುದೇ ಹೆಚ್ಚು ಹೇಳುತ್ತದೆ. ದಪ್ಪ ಎದೆ, ಉಬ್ಬಿದ ಶ್ವಾಸಕೋಶ ಇದ್ದರಂತೂ ಕಿವಿಗೆ ಇನ್ನೂ ಕಷ್ಟ.

ಇಲ್ಲಿನ ಏಳು ವಾರವನ್ನು ನಾನು ಹೊಗಳಲಾರೆ. ಹಾಗಂತ ಕಿವಿಗೊಡದೆ ಯಂತ್ರಕ್ಕೆ ಒಡ್ಡುವ ನಮ್ಮೂರ ಅವಸರವೂ ನನಗೆ ಸೇರದು. ಯಂತ್ರ ಅಳತೆ ಕೊಡುತ್ತದೆ, ಆ ಅಳತೆ ಯಾರದು ಎಂದು ಕೇಳುವುದಿಲ್ಲ. ನನ್ನದು ಮಧ್ಯಮ ಸೋರಿಕೆ, ಎರಡು ವರ್ಷಕ್ಕೊಮ್ಮೆ ಎಕೋ, ಸದ್ಯಕ್ಕೆ ಅಷ್ಟೇ.

ಅಮ್ಮ ಊರಿಗೆ ಮರಳಿ ತಮ್ಮ ಹಳೇ ಡಾಕ್ಟರಿಗೆ ರಿಪೋರ್ಟ್ ತೋರಿಸಿದರು. ಅವರು ಅದನ್ನು ಮೇಜಿನ ಮೇಲಿಟ್ಟು ಮೊದಲು ಕೇಳಿದ್ದು, "ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಾ, ಅಮ್ಮಾ?"

"ಮಗಳ ಮನೆ ಮೂರನೇ ಮಹಡಿ. ಲಿಫ್ಟ್ ಕೆಟ್ಟ ದಿನ ಅಳಿಯನಿಗೆ ಬರುತ್ತೆ," ಅಂದರಂತೆ ಅಮ್ಮ.