ಒಂದು ಜಾಸ್ತಿ ಇರ್ಲಿ

ನಮ್ಮ ಮನೆಯ ಆಡಳಿತ ಯಾರ ಕೈಲಿದೆ ಅಂತ ಕೇಳಿದರೆ ಅತ್ತೆ ತಮ್ಮ ಕೈಲಿದೆ ಅನ್ನುತ್ತಾರೆ. ನಮ್ಮವರು ಸುಮ್ಮನೆ ನಗುತ್ತಾರೆ, ಅಂದರೆ ತಮ್ಮ ಕೈಲಿದೆ ಅಂತ. ನಿಜ ಏನಂದರೆ ಅದು ಕೊಡಗಿನ ಸಿದ್ದಾಪುರ ಕಡೆಯ ಒಬ್ಬ ಅಮ್ಮಚ್ಚಿಯ, ಅಂದರೆ ಒಬ್ಬ ಮಲಯಾಳಿ ಅಜ್ಜಿಯ ಕೈಲಿದೆ. ಅವರು ನಮ್ಮ ಮನೆಗೆ ಕಾಲಿಟ್ಟವರೇ ಅಲ್ಲ. ಹೆಸರೂ ಗೊತ್ತಿಲ್ಲ. ಒಂದು ಪೂಜೆ, ಒಂದು ಮಳೆ, ಅಷ್ಟೇ ನಮ್ಮ ಪರಿಚಯ.

ಜುಲೈ 26 ಸಂತ ಅನ್ನಮ್ಮನ ಹಬ್ಬ. ಮರಿಯಮ್ಮನ ತಾಯಿ, ಅಂದರೆ ಯೇಸುವಿಗೆ ಅಜ್ಜಿ. ಈ ಹಬ್ಬಕ್ಕೆ ತಾರೀಕು ಗೊತ್ತು ಮಾಡಿದವರು ಖಂಡಿತ ಕೊಡಗನ್ನು ಕಂಡವರಲ್ಲ. ಆಗ ಇಲ್ಲಿ ಕೊಡವರ ಲೆಕ್ಕದ ಕಕ್ಕಡ ತಿಂಗಳು. ಮಳೆ ಮೇಲಿಂದ ಮಾತ್ರ ಬೀಳುವುದಿಲ್ಲ, ಅಡ್ಡಡ್ಡ ಹೊಡೆಯುತ್ತದೆ. ಒಗೆದ ಬಟ್ಟೆ ಬಿಸಿಲು ಕಾಣದೆ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲೇ ಒಣಗಬೇಕು. ಹಾಗಾಗಿ ಪೂಜೆಗೆ ಬಂದವರೆಲ್ಲ ಹೊಗೆ ವಾಸನೆ. ಧೂಪ ಹಾಕದಿದ್ದರೂ ನಡೆಯುತ್ತದೆ.

ಅಮ್ಮಚ್ಚಿ ಹೊರಟದ್ದು ವಿರಾಜಪೇಟೆಗೆ, ಅನ್ನಮ್ಮನ ದೇವಾಲಯಕ್ಕೆ. ಅದು ದೊಡ್ಡ ದೇವಾಲಯ, ಹಳೇದು. ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1792ರಲ್ಲಿ ತನ್ನ ಹೆಸರಿನ ಪೇಟೆ ಕಟ್ಟಿಸಿದಾಗಲೇ ಅದಕ್ಕೂ ಜಾಗ ಕೊಟ್ಟ. ಟಿಪ್ಪುವಿನ ಶ್ರೀರಂಗಪಟ್ಟಣದಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರು ಅಲ್ಲಿ ನೆಲೆ ನಿಂತರು. ಉಟ್ಟ ಬಟ್ಟೆಯಲ್ಲಿ ಓಡಿ ಬಂದವರು, ಪಾಪ, ಯಾರ ಹತ್ರವೂ ಎರಡನೇ ಕೊಡೆ ಇದ್ದಿರಲಿಕ್ಕಿಲ್ಲ. ಎರಡನೇ ಕೊಡೆಯ ಮಾತು ಯಾಕೆ ಬಂತು ಅಂತ ಆಮೇಲೆ ಗೊತ್ತಾಗುತ್ತದೆ.

ಆವತ್ತು ದಾರಿಗೆ ಮರ ಬಿದ್ದು ಬಸ್ಸು ನಮ್ಮೂರಲ್ಲೇ ನಿಂತಿತ್ತು. ಎದುರಿಗೇ ನಮ್ಮ ಪುಟ್ಟ ದೇವಾಲಯ, ಗಂಟೆ ಹೊಡೆಯುತ್ತಿತ್ತು. ಅಮ್ಮಚ್ಚಿ ಇಳಿದು ಒಳಗೆ ಬಂದರು, ನೇರವಾಗಿ ನನ್ನ ಬೆಂಚಿಗೆ. ಬಿಳಿ ಸೀರೆ, ಕೈಯಲ್ಲಿ ಯಾವುದೋ ಜವಳಿ ಅಂಗಡಿಯ ಹಳದಿ ಚೀಲ. ಎಡಗೈಯ ಬಳೆಗೆ ನಾಲ್ಕೈದು ಪಿನ್ನು ಸಿಕ್ಕಿಸಿದ್ದರು. ಕೈ ಮುಗಿದಾಗ ಅವು ಕಿಣಿಕಿಣಿ ಅನ್ನುತ್ತಿದ್ದವು. ಹಾಡಲು ಶುರು ಮಾಡಿದರೆ ಇಡೀ ದೇವಾಲಯ ತಿರುಗಿ ನೋಡುವ ಗಂಟಲು. ಎಲ್ಲರಿಗಿಂತ ಸ್ವಲ್ಪ ಹಿಂದೆ ಹಾಡುತ್ತಿದ್ದುದರಿಂದ ಹಾಡು ಮುಗಿದ ಮೇಲೂ ಅವರದು ಒಂದು ಸಾಲು ಜಾಸ್ತಿ ಉಳಿಯುತ್ತಿತ್ತು. ಫಾದರ್ ತಾಳ್ಮೆಯಿಂದ ಕಾದರು. ಹಾರ್ಮೋನಿಯಂ ಸಿಸ್ಟರ್ ಮಾತ್ರ ಅಷ್ಟು ತಾಳ್ಮೆ ತೋರಿಸಲಿಲ್ಲ.

ಪೂಜೆ ಮುಗಿದು ಹೊರಗೆ ಬಂದರೆ ನನ್ನ ಕೊಡೆ ಇಲ್ಲ. ಮಳೆಗಾಲದಲ್ಲಿ ನಮ್ಮ ದೇವಾಲಯದ ಬಾಗಿಲು ನೋಡಬೇಕು. ಕಪ್ಪು ಕೊಡೆಗಳ ರಾಶಿ, ನೀರು ಸುರಿಸುತ್ತಾ ಒಂದರ ಮೇಲೊಂದು. ಯಾರದು ಯಾವುದು ಅಂತ ಆ ದೇವರಿಗೇ ಗೊತ್ತು. ಮೊದಲು ಹೊರಗೆ ಬಂದವರಿಗೆ ಒಳ್ಳೇ ಕೊಡೆ, ಕೊನೆಗೆ ಬಂದವರಿಗೆ ಕಡ್ಡಿ ಮುರಿದದ್ದು. ನಾನು ಕೊನೆಯವಳಿಗಿಂತಲೂ ಕೊನೆ. ಅಲ್ಲಿ ಬರೀ ನೀರು ಉಳಿದಿತ್ತು.

ಅಮ್ಮಚ್ಚಿ ಏನೂ ಕೇಳಲಿಲ್ಲ. ಹಳದಿ ಚೀಲ ನೆಲಕ್ಕಿಟ್ಟು ಒಂದೊಂದೇ ಸಾಮಾನು ಹೊರಗೆ ತೆಗೆದರು. ಪೇಪರಿನಲ್ಲಿ ಸುತ್ತಿದ ಮೋಂಬತ್ತಿ. ಪ್ಲಾಸ್ಟಿಕ್ ಕವರಿನೊಳಗೆ ಬೆಂಕಿಪೊಟ್ಟಣ. ಜಿಗಣೆಗೆ ಅಂತ ಉಪ್ಪಿನ ಪೊಟ್ಟಣ. ಇನ್ನೊಂದು ಜೊತೆ ಚಪ್ಪಲಿ. ಇನ್ನೊಂದು ಕನ್ನಡಕ, ಒಂದು ಕಾಲಿಗೆ ದಾರ ಕಟ್ಟಿದ್ದು. ತಳದಿಂದ ಒಂದು ಕೊಡೆ ಬಂತು. ಮರದ ಹಿಡಿ, ತುದಿಗೆ ನೀಲಿ ದಾರ ಸುತ್ತಿತ್ತು.

"ಹಿಡ್ಕೋ ಮೋಳೇ." ಮೋಳೇ ಅಂದರೆ ಮಲಯಾಳದಲ್ಲಿ ಮಗಳೇ.

"ಮತ್ತೆ ನಿಮಗೆ ಅಮ್ಮಚ್ಚೀ?"

"ನಂದು ಕೈಲಿದೆ ಅಲ್ವಾ? ಇದು ಜಾಸ್ತಿದು."

"ವಾಪಸ್ ಹೇಗೆ ಕೊಡ್ಲಿ?"

"ಯಾರಿಗೆ ಕೊಡ್ತೀಯಾ? ಇದು ನಂದಲ್ಲ. ಹೋದ ವರ್ಷ ಯಾರೋ ನನ್ನ ಕೊಡೆ ತಗೊಂಡು ಇದನ್ನ ಬಿಟ್ಟು ಹೋದ್ರು."

ಮರ ಕಡಿದು ದಾರಿ ಬಿಡಿಸಿದ್ದರು ಅಂತ ಕಾಣುತ್ತದೆ, ಬಸ್ಸು ಹಾರ್ನ್ ಹೊಡೆಯಿತು. ಅಮ್ಮಚ್ಚಿ ಸಾಮಾನು ತುಂಬಿಕೊಂಡು ಓಡಿದರು. ಮೆಟ್ಟಿಲ ಮೇಲೆ ನಿಂತು, ಕಂಡಕ್ಟರ್ ಬಯ್ಯುತ್ತಿದ್ದರೂ ಕೇಳದೆ, ಒಂದು ಮಾತು ಹೇಳಿದರು. "ಈ ಮಳೆ ಊರಲ್ಲಿ ಯಾವುದೂ ಒಂದೇ ಇರ್ಬಾರ್ದು ಮೋಳೇ. ಒಂದು ಜಾಸ್ತಿ ಇರ್ಲಿ."

ಅಷ್ಟೇ. ಬಸ್ಸು ಹೋಯಿತು.

ಇದನ್ನೇ ನಮ್ಮ ಅತ್ತೆ ಮದುವೆಯಾದಂದಿನಿಂದ ಹೇಳುತ್ತಾ ಬಂದಿದ್ದರು. ಅಕ್ಕಿ ಒಂದು ಪಾವು ಜಾಸ್ತಿ ಹಾಕು, ಸೌದೆ ಒಂದು ಹೊರೆ ಜಾಸ್ತಿ ಇಡು. ನಾನು ಹೂಂ ಅನ್ನುತ್ತಿದ್ದೆ, ಹಾಕುತ್ತಿರಲಿಲ್ಲ. ಮನೆಯವರ ಮಾತಿಗೆ ಅದೊಂದು ಶಾಪ. ದಿನಾ ಕೇಳುವ ಮಾತು ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಯಾರೋ ಬಸ್ಸಿನ ಮೆಟ್ಟಿಲ ಮೇಲಿಂದ ಕೂಗಿ ಹೇಳಿದರೆ ಅದೇ ವೇದವಾಕ್ಯ. ಅತ್ತೆಗೆ ಇದು ಇವತ್ತಿಗೂ ಸಹಿಸಲಾಗದ ವಿಷಯ. "ನಾನೂ ಬಸ್ ಹತ್ತಿ ಹೇಳ್ಬೇಕಿತ್ತೇನೋ" ಅನ್ನುತ್ತಾರೆ.

ಮಾರನೇ ದಿನದಿಂದಲೇ ನನ್ನ ವ್ಯಾನಿಟಿ ಬ್ಯಾಗು ಊದತೊಡಗಿತು. ಮೋಂಬತ್ತಿ, ಪಿನ್ನು, ಉಪ್ಪು, ಒಂದು ಜಾಸ್ತಿ ಕರ್ಚೀಫು, ಒಂದು ಜಾಸ್ತಿ ಪೆನ್ನು. ಎರಡು ಕೊಡೆಯಂತೂ ಕಡ್ಡಾಯ. ಬಿಸಿಲಲ್ಲಿ ಎರಡು ಕೊಡೆ ಹಿಡಿದು ನಡೆಯುವ ಹೆಂಗಸನ್ನು ಜನ ಹೇಗೆ ನೋಡುತ್ತಾರೆ ಅಂತ ಅನುಭವಿಸಿದವರಿಗೇ ಗೊತ್ತು. ಗೋಣಿಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಬಂದು "ರಿಪೇರಿ ಮಾಡ್ತೀರಾ?" ಅಂತ ಕೇಳಿಯೇ ಬಿಟ್ಟರು.

ನೀಲಿ ದಾರದ ಕೊಡೆ ಜಾಸ್ತಿ ದಿನ ಬಾಳಲಿಲ್ಲ. ಒಂದು ಭಾನುವಾರ ಅದನ್ನು ಹಿಡಿದು ದೇವಾಲಯದ ಮೆಟ್ಟಿಲು ಹತ್ತುತ್ತಿದ್ದೆ. ಪಕ್ಕದ ಊರಿನ ಟೀಚರೊಬ್ಬರು ನನ್ನ ಕೈಯನ್ನೇ ದಿಟ್ಟಿಸಿದರು. ನಾನು ನಕ್ಕೆ. ಅವರು ನಗಲಿಲ್ಲ.

"ಈ ಕೊಡೆ ಎಲ್ಲಿ ಸಿಕ್ತು?"

"ಒಬ್ರು ಅಮ್ಮಚ್ಚಿ ಕೊಟ್ರು."

"ಯಾವ ಅಮ್ಮಚ್ಚಿ?"

"ಹೆಸರು ಗೊತ್ತಿಲ್ಲ."

"ಎಲ್ಲಿಯವರು?"

"ಸಿದ್ದಾಪುರ ಕಡೆ. ಬಸ್ಸಲ್ಲಿ ಹೋದ್ರು."

ಹೇಳುತ್ತಾ ಹೇಳುತ್ತಾ ನನಗೇ ನನ್ನ ಮಾತಿನ ಮೇಲೆ ನಂಬಿಕೆ ಹೋಯಿತು. ಪೊಲೀಸ್ ಸ್ಟೇಷನ್ನಿನಲ್ಲಿ ಎಲ್ಲ ಕಳ್ಳರೂ ಹೇಳುವ ಕತೆ ಇದೇ ಅಲ್ವಾ? ಆ ನೀಲಿ ದಾರ ಟೀಚರು ಸ್ವಂತ ಕೈಯಿಂದ ಸುತ್ತಿದ್ದಂತೆ. ಗಂಟು ಹಾಕಿದ ರೀತಿಯನ್ನೂ ವಿವರಿಸಿದರು. ಕೊಡೆ ಕೊಟ್ಟೆ. ಈಗಲೂ ನಾನು ಅವರ ಪಕ್ಕ ಕೂತರೆ ಅವರು ತಮ್ಮ ಬ್ಯಾಗನ್ನು ಇನ್ನೊಂದು ಪಕ್ಕಕ್ಕೆ ಸರಿಸುತ್ತಾರೆ. ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಸಮಾಧಾನ ಹೇಳಿಕೊಳ್ಳುವ ಹೊತ್ತಿಗೆ ಕೈ ಮುಗಿಯುತ್ತಾರೆ ನಿಜ, ಕಣ್ಣು ಮಾತ್ರ ಬ್ಯಾಗಿನ ಮೇಲೆ.

ಉಪ್ಪಿನ ಕತೆ ಇನ್ನೊಂದು. ನಮ್ಮದು ಸಣ್ಣ ಕಾಫಿ ತೋಟ. ಮಳೆಗಾಲದಲ್ಲಿ ಕಳೆ ತೆಗೆಯುವ ಕೆಲಸ, ಕಾಲಿಟ್ಟಲ್ಲೆಲ್ಲ ಜಿಗಣೆ. ಉಪ್ಪು ಸೋಕಿಸಿದರೆ ಜಿಗಣೆ ಕಚ್ಚಿದ್ದು ಬಿಟ್ಟು ಉದುರುತ್ತದೆ. ಅದಕ್ಕೇ ಅಡುಗೆಮನೆಯ ಉಪ್ಪಲ್ಲದೆ ಒಂದು ಜಾಸ್ತಿ ಡಬ್ಬಿ ತುಂಬಿ, ಫ್ಲಾಸ್ಕಿನ ಪಕ್ಕ, ತೋಟಕ್ಕೆ ಹೋಗುವವರ ಕೈಗೆ ಸಿಗುವ ಹಾಗೆ ಇಟ್ಟಿದ್ದೆ. ನಮ್ಮವರ ಕೈಗೆ ಸಿಕ್ಕಿತು. ಕೆಲಸದವರಿಗೆ ಕಾಫಿ ಬೆರೆಸುವಾಗ ಸಕ್ಕರೆ ಅಂತ ಅದನ್ನೇ ಸುರಿದರು. ಕೆಲಸದವರು ಒಳ್ಳೆಯವರು. ಒಂದು ಗುಟುಕು ಕುಡಿದು ಪರಸ್ಪರ ಮುಖ ನೋಡಿಕೊಂಡು ಸುಮ್ಮನಾದರು. ಒಬ್ಬ ಮಾತ್ರ ಲೋಟವನ್ನು ಕಾಲಿನ ಮೇಲೆ ಬಗ್ಗಿಸಿಕೊಂಡ. "ಜಿಗಣೆಗೆ ಒಳ್ಳೇದು ಅಕ್ಕಾ" ಅಂದ.

ಜಾಸ್ತಿ ಬೀಗದ ಕೈಯ ಬಗ್ಗೆ ಬರೆಯುವಂಥದ್ದೇನಿಲ್ಲ. ಯಾರಿಗೂ ಸಿಗಬಾರದು ಅಂತ ಇಟ್ಟೆ. ಯಾರಿಗೂ ಸಿಕ್ಕಿಲ್ಲ.

ಮದ್ದು ಪಾಯಸದ ಕತೆ ಹಾಗೆ ಬಿಡುವಂಥದ್ದಲ್ಲ. ಕಕ್ಕಡ ಹದಿನೆಂಟು, ಆಗಸ್ಟ್ 3ರ ಸುಮಾರಿಗೆ ಬರುತ್ತದೆ. ಆ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅಂತ ಇಲ್ಲಿಯ ನಂಬಿಕೆ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ. ಅದಕ್ಕೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ ಮಾಡುತ್ತಾರೆ. ಕೊಡವರ ಮನೆಯಿಂದ ಶುರುವಾಗಿ ಈಗ ಎಲ್ಲರ ಮನೆಯಲ್ಲೂ ಉಂಟು. ಆ ವರ್ಷ ನಾನು ಅಮ್ಮಚ್ಚಿಯ ಮಾತಿನಂತೆ ಒಂದು ಪಾವು ಜಾಸ್ತಿ ಮಾಡಿದೆ. ಜಾಸ್ತಿ ಆದದ್ದನ್ನು ಏನು ಮಾಡುವುದು? ಎದುರು ಬಾಡಿಗೆ ಮನೆಗೆ ಬಯಲುಸೀಮೆಯಿಂದ ಹೊಸದಾಗಿ ಬಂದಿದ್ದ ಹುಡುಗನಿಗೆ ದೊಡ್ಡ ಡಬ್ಬಿ ತುಂಬಾ ಕಳಿಸಿದೆ. ಒಬ್ಬನೇ ಇದ್ದ, ಹಸಿದಿದ್ದ, ಪೂರ್ತಿ ತಿಂದ.

ಮದ್ದು ಪಾಯಸ ತಿಂದರೆ ಮೂತ್ರ ಕೆಂಪಗೆ ಹೋಗುತ್ತದೆ. ಔಷಧಿ ಮೈಗೆ ಹತ್ತಿತು ಅಂತ ನಾವು ಖುಷಿ ಪಡುತ್ತೇವೆ. ಈ ಮಾಹಿತಿಯನ್ನು ಡಬ್ಬಿಯ ಜೊತೆ ಕಳಿಸುವ ರೂಢಿ ಇಲ್ಲ. ಬೆಳಿಗ್ಗೆ ಐದೂವರೆಗೆ ಹುಡುಗ ನಮ್ಮ ಬಾಗಿಲು ಬಡಿದ. ಮುಖ ಬಿಳಿಚಿತ್ತು. ಊರಲ್ಲಿರುವ ತಾಯಿಗೆ ಆಗಲೇ ಫೋನ್ ಮಾಡಿ ಕೊನೆಯ ಮಾತುಗಳನ್ನೂ ಆಡಿ ಮುಗಿಸಿದ್ದನಂತೆ. ನಮ್ಮವರು ವಿಷಯ ಕೇಳಿ ನಕ್ಕರು. ಅತ್ತೆ ನಕ್ಕರು. ಅವನ ಕೈಲಿದ್ದ ಫೋನಿನಿಂದ ತಾಯಿಯ ಅಳು ಕೇಳಿಸುತ್ತಿತ್ತು, ನಾನು ನಗಲಿಲ್ಲ. ಆ ತಾಯಿಗೆ ಮದ್ದು ಸೊಪ್ಪು ಅಂದರೇನು ಅಂತ ವಿವರಿಸುವ ಹೊತ್ತಿಗೆ ನಮ್ಮ ಹಾಲು ಉಕ್ಕಿ ಒಲೆ ಆರಿತ್ತು. ಜಾಸ್ತಿ ಹಾಲು ಇತ್ತು ಅನ್ನಿ.

ಹಾಗಂತ ಅಮ್ಮಚ್ಚಿಯ ಮಾತು ಬರೀ ಪಜೀತಿಗೇ ಆಯಿತು ಅಂದರೆ ಸುಳ್ಳಾಗುತ್ತದೆ. 2018ರ ಆಗಸ್ಟ್ ಕೊಡಗಿನ ಯಾರೂ ಮರೆಯುವ ತಿಂಗಳಲ್ಲ. ಮಕ್ಕಂದೂರು, ಮಾದಾಪುರ, ಜೋಡುಪಾಲದ ಕಡೆ ಗುಡ್ಡಗಳು ತೋಟ ಮನೆ ಸಮೇತ ಜಾರಿದವು. ನಮ್ಮ ಕಡೆ ಅಷ್ಟು ಆಗಲಿಲ್ಲ. ಕರೆಂಟ್ ಇಲ್ಲ, ದಾರಿ ಇಲ್ಲ, ಅಷ್ಟೇ. ಬ್ಯಾಗ್ ತುಂಬಾ ಮೋಂಬತ್ತಿ ಇಟ್ಟವಳನ್ನು ಮನೆಯಲ್ಲಿ ಮೊದಲ ಸಲ ಮರ್ಯಾದೆಯಿಂದ ಮಾತಾಡಿಸಿದರು.

ದಾರಿ ತೆರೆದ ಮೇಲೆ ದೇವಾಲಯದವರೆಲ್ಲ ಸೇರಿ ಒಂದು ಪರಿಹಾರ ಕೇಂದ್ರಕ್ಕೆ ಹೋದೆವು. ಅಲ್ಲಿ ಸೀರೆ ಗುಡ್ಡದಷ್ಟು ಬಿದ್ದಿತ್ತು. ಹೊರಗಿನ ಊರುಗಳಿಂದ ಜನ ಲಾರಿಗಟ್ಟಲೆ ಕಳಿಸಿದ್ದರು. ಜರಿ ಸೀರೆಯೂ ಇತ್ತು, ಮಗುವಿನ ಕೋಟೂ ಇತ್ತು. ಒಬ್ಬರು ಹೆಂಗಸು ನನ್ನ ಹತ್ರ ಬಂದು ಮೆಲ್ಲಗೆ ಕೇಳಿದರು, "ಒಂದು ಪಿನ್ನು ಇದ್ಯಾ ಅಕ್ಕಾ?" ಯಾರದೋ ಅಳತೆಯ ರವಿಕೆ, ಹೆಗಲಿನಿಂದ ಜಾರುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ನಿಂತಿದ್ದರು. ಊಟದ ತಟ್ಟೆ ಹಿಡಿಯಲು ಒಂದೇ ಕೈ. ಬಳೆಯಿಂದ ಪಿನ್ನು ಬಿಚ್ಚಿ ಕೊಟ್ಟೆ. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಬ್ಯಾಗಿನ ಪೊಟ್ಟಣ ಖಾಲಿಯಾಯಿತು. ಅತ್ತೆ ತಮ್ಮ ಸೆರಗಿನ ಪಿನ್ನನ್ನೂ ತೆಗೆದು ಕೊಟ್ಟರು. ಆಮೇಲೆ ಮನೆಗೆ ಬರುವವರೆಗೆ ಸೆರಗು ಹಿಡಿದುಕೊಂಡೇ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಅತ್ತೆ ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ.

ಸಿದ್ದಾಪುರಕ್ಕೆ ಹೋದಾಗೆಲ್ಲ ಸಂತೆಯಲ್ಲಿ ಹಳದಿ ಚೀಲ ಕಂಡರೆ ಹಿಂದೆ ಹೋಗಿ ಮುಖ ನೋಡುತ್ತೇನೆ. ಸಂತೆಯಲ್ಲಿ ಹಳದಿ ಚೀಲ ಇಲ್ಲದವರೇ ಕಮ್ಮಿ. ಹಾಗಾಗಿ ನಾನು ಅಲ್ಲಿ ಬಹಳ ಜನರ ಮುಖ ನೋಡಿದ್ದೇನೆ. ಕೆಲವರು ಪರಿಚಯದವರು ಇರಬೇಕು ಅಂದುಕೊಂಡು ಮನೆ ಕಡೆ ಎಲ್ಲ ಚೆನ್ನಾಗಿದ್ದಾರಾ ಅಂತ ವಿಚಾರಿಸುತ್ತಾರೆ. ಚೆನ್ನಾಗಿದ್ದಾರೆ ಅನ್ನುತ್ತೇನೆ. ಅಮ್ಮಚ್ಚಿ ಮಾತ್ರ ಸಿಕ್ಕಿಲ್ಲ.

ಹೋದ ತಿಂಗಳು ಒಂದು ಭಾನುವಾರ ಫಾದರ್ ಪ್ರಸಂಗದ ಕೊನೆಗೆ ಗಂಟಲು ಸರಿ ಮಾಡಿಕೊಂಡರು. ಆ ಗಂಟಲಿನ ಅರ್ಥ ನಮಗೆಲ್ಲ ಗೊತ್ತು. ಇವತ್ತು ಕಾಣಿಕೆ ಎರಡು ಸಲ, ಎರಡನೆಯದು ಮಾಡಿನ ಹಂಚು ಬದಲಾಯಿಸಲಿಕ್ಕೆ. ಮೊದಲ ಚೀಲ ಬಂದು ಹೋಯಿತು, ಎಲ್ಲರೂ ತಂದದ್ದನ್ನು ಹಾಕಿದರು. ಎರಡನೇ ಚೀಲ ಹೊರಟಾಗ ಬೆಂಚು ಬೆಂಚುಗಳಲ್ಲಿ ಜೇಬು ತಡಕುವ ಸದ್ದು. ನಾನು ನೆಮ್ಮದಿಯಿಂದ ಬ್ಯಾಗ್ ತೆರೆದು, ಮೋಂಬತ್ತಿಯ ಕೆಳಗೆ ಮಡಚಿಟ್ಟಿದ್ದ ಜಾಸ್ತಿ ಐವತ್ತರ ನೋಟು ತೆಗೆದೆ. ಮುಂದಿನ ಸಾಲಿನ ಟೀಚರು ತಿರುಗಿ ನೋಡಿದರು. ನೋಡಲಿ, ಇದು ನನ್ನದೇ.

ಪಕ್ಕದಿಂದ ಮೊಣಕೈ ತಿವಿಯಿತು. ನಮ್ಮವರು ಬಲಿಪೀಠದ ಕಡೆಯೇ ನೋಡುತ್ತಾ ಅಂಗೈ ಮಾತ್ರ ನನ್ನ ಕಡೆ ಚಾಚಿದ್ದರು. ಪಂಚಾಯ್ತಿ ಮೆಂಬರು ಅದೇ ಬೆಂಚಿನಲ್ಲಿ ಕೂತಿದ್ದರು, ಮಾನದ ಪ್ರಶ್ನೆ. ನೋಟು ಕೊಟ್ಟೆ. ಅತ್ತೆ ರವಿಕೆಯೊಳಗಿನ ಪರ್ಸಿನಿಂದ ತಮ್ಮ ನಾಣ್ಯ ತೆಗೆದುಕೊಂಡರು. ಚೀಲ ಹಿಡಿದ ಹುಡುಗ ನನ್ನ ಎದುರು ಬಂದು ನಿಂತ. ಬ್ಯಾಗಿನಲ್ಲಿ ಕೈಯಾಡಿಸಿದೆ. ಪಿನ್ನು, ಉಪ್ಪು, ಕನ್ನಡಕ, ಮೋಂಬತ್ತಿ, ಇನ್ನೊಂದು ಮೋಂಬತ್ತಿ. ಹುಡುಗ ಹೋಗಲೊಲ್ಲ.

ಅತ್ತೆ ನನ್ನ ಕಿವಿಯ ಹತ್ರ ಬಗ್ಗಿದರು.

"ಎರಡು ಜಾಸ್ತಿ ಇಡ್ಬೇಕಿತ್ತು."