ಹರಿಗೋಲಿನ ಅನುಭವ

ಫ್ರಾನ್ಸಿನ ಟುಲೂಸಿನಲ್ಲಿರುವ ಮಗಳು, ‘ಅಪ್ಪ, ದೊರ್ದೋನ್ ನದಿಯಲ್ಲಿ ದೋಣಿ ನಡೆಸೋಣ. ನಿಮಗೆ ಅಭ್ಯಾಸ ಇದೆಯೇ?’ ಎಂದು ಕೇಳಿದಾಗ ‘ಧಾರಾಳವಾಗಿ’ ಎಂದುಬಿಟ್ಟೆ. ಹಂಪಿಯಲ್ಲಿ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವನು ನಾನು. ಹುಟ್ಟು ಹಾಕಿದವನು ಅಂಬಿಗ, ನಾನು ಅಂಚು ಹಿಡಿದು ದೇವರ ನಾಮ ಜಪಿಸುತ್ತಿದ್ದೆ ಎಂಬುದನ್ನು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ವಿತ್ರಾಕ್ ಎಂಬ ಊರಿನ ದಡದಲ್ಲಿ ಬಾಡಿಗೆ ದೋಣಿಯ ಯುವಕ ನಮಗೆ ತೇಲು ಅಂಗಿ ತೊಡಿಸಿ, ಸಾಮಾನು ನೆನೆಯದಿರಲೆಂದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೀಪಾಯಿಯೊಂದನ್ನೂ ಕೊಟ್ಟ. ಹೆಂಡತಿ ಅದರೊಳಗೆ ಚಿತ್ರಾನ್ನದ ಡಬ್ಬಿ ಇಟ್ಟಳು. ನನ್ನ ಹೊಸ ಚರ್ಮದ ಬೂಟಿಗೆ ಜಾಗ ಉಳಿಯಲಿಲ್ಲ. ಬೂಟಿನ ಬೆಲೆಯನ್ನು ಯೂರೋದಿಂದ ರೂಪಾಯಿಗೆ ಪರಿವರ್ತಿಸಿ ನೋಡಿದವನೇ, ಅವಳು ಅತ್ತ ತಿರುಗಿದಾಗ ಡಬ್ಬಿಯನ್ನು ಹೊರಗಿಟ್ಟು ಬೂಟನ್ನು ಒಳಗಿಟ್ಟೆ.

ಮಗಳು, ಅಳಿಯ ಒಂದು ದೋಣಿಯಲ್ಲಿ ಮುಂದೆ ಹೋದರು. ಇನ್ನೊಂದು ನಮ್ಮದು. ದಿಕ್ಕು ತಿರುಗಿಸುವ ಕೆಲಸ ಹಿಂದೆ ಕುಳಿತವರದಂತೆ. ಅನುಭವಸ್ಥನೆಂದು ನನ್ನನ್ನು ಹಿಂದೆ ಕೂರಿಸಿದರು. ಅಪ್ಪಣೆಗಳು ಮಾತ್ರ ಎಂದಿನಂತೆ ಮುಂದಿನಿಂದಲೇ ಬರುತ್ತಿದ್ದವು.

ಲಾ ರೋಕ್ ಗಜಾಕ್ ಎಂಬ ಊರು ಕಡಿದಾದ ಬಂಡೆಗೆ ಬೆನ್ನು ಒರಗಿಸಿ ನದಿಯನ್ನೇ ನೋಡುತ್ತಾ ಕುಳಿತಿದೆ. ದಕ್ಷಿಣಕ್ಕೆ ಮುಖ ಮಾಡಿದ ಬಂಡೆ ಬಿಸಿಲು ಹೀರಿಕೊಂಡು ಬೆಚ್ಚಗಿಡುವುದರಿಂದ ಅದರ ಬುಡದಲ್ಲಿ ಬಾಳೆ, ಬಿದಿರು ಎಲ್ಲ ಬೆಳೆಯುತ್ತವೆ. ‘ರೀ, ಬಾಳೆಗಿಡ!’ ಎಂದು ಹೆಂಡತಿ ಎದ್ದು ನಿಂತಳು. ಹಿತ್ತಲಲ್ಲಿ ಮೂರು ಬಾಳೆಗಿಡ ಇರುವವಳು! ದೋಣಿ ವಾಲಿತು. ಡಬ್ಬಿ ಉರುಳಿ, ಮುಚ್ಚಳ ಕಳಚಿ, ಚಿತ್ರಾನ್ನ ನದಿಗೆ ಅರ್ಪಣೆಯಾಯಿತು. ಎಲ್ಲಿಂದಲೋ ಬಾತುಕೋಳಿಗಳ ಹಿಂಡು ಹಾಜರಾಗಿ, ಕಡಲೆಬೀಜ ಸಮೇತ ಮುಗಿಸಿ, ಒಣಮೆಣಸಿನಕಾಯಿಯನ್ನು ಮಾತ್ರ ಬಿಟ್ಟುಹೋಯಿತು. ‘ಡಬ್ಬಿ ಪೀಪಾಯಿಯಲ್ಲಿ ಇತ್ತಲ್ಲ?’ ಎಂದಳು ಹೆಂಡತಿ. ನಾನು ಬಹಳ ಶ್ರದ್ಧೆಯಿಂದ ಹುಟ್ಟು ಹಾಕತೊಡಗಿದೆ.

ಹಾಗೆ ಒಂದೇ ಪಕ್ಕಕ್ಕೆ ಹಾಕಿದ್ದರಿಂದ ದೋಣಿ ಸುತ್ತತೊಡಗಿತು. ನನಗೆ ಅಭ್ಯಾಸವಿದ್ದದ್ದು ಅದೊಂದೇ. ಅಲ್ಲಿ ನದಿಯ ಎರಡು ದಡಗಳಲ್ಲಿ ಎರಡು ಕೋಟೆಗಳಿವೆ: ಕಾಸ್ತೆಲ್ನೊ ಮತ್ತು ಬೆನಾಕ್. 1337ರಲ್ಲಿ ಶುರುವಾಗಿ 1453ರವರೆಗೆ ನಡೆದ ನೂರು ವರ್ಷಗಳ ಯುದ್ಧದಲ್ಲಿ ಬೆನಾಕ್ ಫ್ರೆಂಚರದು, ಕಾಸ್ತೆಲ್ನೊ ಇಂಗ್ಲಿಷರದು ಎಂದು ಅಳಿಯ ಪಕ್ಕದ ದೋಣಿಯಿಂದ ಕೈ ತೋರಿಸಿ ವಿವರಿಸುತ್ತಿದ್ದ. ಅವನು ಎಡಗಡೆ ಎನ್ನುವಷ್ಟರಲ್ಲಿ ಅದು ನನ್ನ ಬಲಗಡೆಗೆ ಬಂದಿರುತ್ತಿತ್ತು. ಯಾವ ಕೋಟೆ ಯಾರದೆಂದು ಕೊನೆಗೂ ತಿಳಿಯಲಿಲ್ಲ. ಆ ಯುದ್ಧದಲ್ಲಿ ಕಾಸ್ತೆಲ್ನೊ ಹಲವು ಸಲ ಕೈ ಬದಲಾಯಿಸಿತ್ತು ಎಂದು ಆಮೇಲೆ ಕೇಳಿದಾಗ ನನಗೆ ಎಷ್ಟೋ ಸಮಾಧಾನವಾಯಿತು.

ಬೆನಾಕ್ ದಡ ಮುಟ್ಟುವಾಗ ಎರಡೂಕಾಲು. ಮಧ್ಯಾಹ್ನದ ಊಟ ಎರಡು ಗಂಟೆಯವರೆಗೆ ಮಾತ್ರ. ಹೋಟೆಲಿನ ಹೆಂಗಸು ಗಡಿಯಾರ ತೋರಿಸಿ, ಮರುಕದಿಂದ ನಕ್ಕು, ಕುರ್ಚಿಯನ್ನು ಮೇಜಿನ ಮೇಲೆ ಮಗುಚಿದಳು. ಬೂಟು ಮಾತ್ರ ಒಣಗಿಯೇ ಇತ್ತು. ಅದನ್ನು ಹಾಕಿಕೊಂಡಾಗ ಹೆಂಡತಿ ಒಂದು ಸಲ ಬೂಟನ್ನು, ಒಂದು ಸಲ ನನ್ನನ್ನು ನೋಡಿದಳು.

ಸಂಜೆ ಸಾರ್ಲಾ ಪಟ್ಟಣಕ್ಕೆ ಹೋದೆವು. ಹಳೆಯ ಪಟ್ಟಣಗಳನ್ನು ಇಡಿಯಾಗಿ ಉಳಿಸಿಕೊಳ್ಳಲು 1962ರಲ್ಲಿ ತಂದ ಮಾಲ್ರೋ ಕಾನೂನು ಮೊದಲು ಜಾರಿಯಾದ ಊರುಗಳಲ್ಲಿ ಇದೂ ಒಂದು ಎಂದು ಮಗಳು ಹೇಳುತ್ತಿದ್ದಳು. ಜೇನಿನ ಬಣ್ಣದ ಕಲ್ಲಿನ ಗೋಡೆಗಳು ನನ್ನ ಕಣ್ಣಿಗೆ ಹದವಾಗಿ ಬೆಂದ ದೋಸೆಯಂತೆ ಕಾಣುತ್ತಿದ್ದವು. ಏಳು ಗಂಟೆಗೆ ಹೋಟೆಲ್ ಬಾಗಿಲು ತೆರೆದಾಗ ಮೊದಲು ನುಗ್ಗಿದವನು ನಾನೇ. ಪಟ್ಟಿಯ ತುಂಬ ಮಾಂಸ. ಆಲೂಗಡ್ಡೆ ಎಂಬ ಪದವೊಂದನ್ನು ಗುರುತಿಸಿ, ಮಗಳು ಕೈ ತೊಳೆದು ಬರುವುದರೊಳಗೆ ತರಿಸಿಕೊಂಡೆ. ಗರಿಗರಿ ಹುರಿದ ಬಿಲ್ಲೆಗಳು, ಬೆಳ್ಳುಳ್ಳಿಯ ಘಮ. ಹೆಂಡತಿ ಮೂಸಿ ನೋಡಿ, ‘ಬೇರೆ ಏನೋ ವಾಸನೆ’ ಎಂದು ಬ್ರೆಡ್ಡಿಗೆ ಕೈ ಹಾಕಿದಳು. ನಾನು ತಟ್ಟೆ ಬರಿದಾಗಿಸಿದೆ.

ಮಗಳು ಬಂದವಳೇ ತಟ್ಟೆ ನೋಡಿದಳು. ‘ಅಪ್ಪ, ಇಲ್ಲಿ ಇದನ್ನು ಬಾತುಕೋಳಿಯ ಕೊಬ್ಬಿನಲ್ಲಿ ಹುರಿಯುತ್ತಾರೆ.’

ಯಾರೂ ಮಾತಾಡಲಿಲ್ಲ. ಹೆಂಡತಿ ಬ್ರೆಡ್ಡಿಗೆ ನಿಧಾನವಾಗಿ ಬೆಣ್ಣೆ ಸವರಿಕೊಳ್ಳುತ್ತಾ ಹೇಳಿದಳು: ‘ಇರಲಿ ಬಿಡಿ. ಮಧ್ಯಾಹ್ನ ನಮ್ಮ ಚಿತ್ರಾನ್ನ ತಿಂದಿತ್ತಲ್ಲ, ಋಣ ತೀರಿಸಿತು.’