ಸಹಿ ನಿಮ್ಮದು, ಡ್ರಾಯರ್ ಅವರದು

ಇವತ್ತು ಚಿಕ್ಕಮಗಳೂರಿನ ಒಂದು ಟ್ಯಾಕ್ಸ್ ಆಫೀಸಿಗೆ ಹೋಗಿದ್ದೆ. ಹೆಸರು ಬೇಡ. ಅಲ್ಲಿನ ಹುಡುಗ ಏನೋ ಹುಡುಕಲು ಡ್ರಾಯರ್ ಎಳೆದ. ಒಳಗೆ ರಾಶಿ ಡಿಎಸ್‌ಸಿ ಟೋಕನ್‌ಗಳು. ಡಿಎಸ್‌ಸಿ ಅಂದರೆ ಡಿಜಿಟಲ್ ಸಹಿಯ ಸರ್ಟಿಫಿಕೇಟ್, ಅದನ್ನು ಇಟ್ಟುಕೊಳ್ಳುವ ಪೆನ್‌ಡ್ರೈವ್ ಥರದ ಸಾಧನ ಈ ಟೋಕನ್. ಒಂದೊಂದಕ್ಕೂ ರಬ್ಬರ್ ಬ್ಯಾಂಡ್ ಸುತ್ತಿ ಚೀಟಿ. ಚೀಟಿಯಲ್ಲಿ ಕ್ಲೈಂಟ್ ಹೆಸರು, ಕೆಳಗೆ ಪಿನ್. ಬಹಳಷ್ಟರಲ್ಲಿ 12345678. ಟೋಕನ್ ಹೊಸದಾಗಿ ಬಂದಾಗ ಇದ್ದ ಪಿನ್ ಅದು. ಬದಲಾಯಿಸಬೇಕು ಅಂತಲೂ ಯಾರಿಗೂ ಅನಿಸಿಲ್ಲ!

ನನ್ನನ್ನು ಬಲ್ಲವರಿಗೆ ಗೊತ್ತು, ಇಂಥದ್ದು ಕಂಡರೆ ನನಗೆ ಸುಮ್ನೆ ಇರಲು ಆಗುವುದಿಲ್ಲ.

ಮಾರಾಯ್ರೇ, ಅದು ಪೆನ್‌ಡ್ರೈವ್ ಅಲ್ಲ. ಅದರೊಳಗೆ ನಿಮ್ಮ ಪ್ರೈವೇಟ್ ಕೀ, ಅಂದರೆ ಸಹಿ ಹಾಕುವ ಗುಟ್ಟಿನ ಸಂಖ್ಯೆ ಇದೆ. ಅದರ ಜೋಡಿ ಪಬ್ಲಿಕ್ ಕೀ ಸರ್ಟಿಫಿಕೇಟಿನಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ. ಸಹಿ ಮಾಡುವಾಗ ಮೊದಲು ಇಡೀ ಫೈಲಿನಿಂದ ಒಂದು ಚಿಕ್ಕ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ ತಯಾರಾಗುತ್ತದೆ. ಫೈಲಿನಲ್ಲಿ ಒಂದು ಸೊನ್ನೆ ಜಾಸ್ತಿಯಾದರೂ ಹ್ಯಾಶ್ ಪೂರ್ತಿ ಬೇರೆ. ಆ ಹ್ಯಾಶ್ ಮೇಲೆ ಪ್ರೈವೇಟ್ ಕೀ ಸಹಿ ಹಾಕುತ್ತದೆ. ಪಬ್ಲಿಕ್ ಕೀ ಹಿಡಿದು ಅದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು, ಹಾಕಲು ಮಾತ್ರ ಆಗುವುದಿಲ್ಲ. ಈ ಜೋಡಿ ಕೀಗಳ ಪದ್ಧತಿಗೆ 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ದಾರಿ ತೋರಿಸಿದರು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಸೇರಿ ಅದನ್ನು ನಡೆಸುವ ಲೆಕ್ಕವನ್ನೇ ಕಟ್ಟಿದರು, ಹೆಸರು ಆರ್‌ಎಸ್‌ಎ. ಗಟ್ಟಿ ಗಣಿತ. ಟೋಕನ್ನೂ ಗಟ್ಟಿ. ಕೀ ಅದರೊಳಗೇ ಹುಟ್ಟುತ್ತದೆ, ನಕಲು ತೆಗೆಯಲು ಬಿಡುವುದಿಲ್ಲ. ಇಷ್ಟೆಲ್ಲಾ ಮಾಡಿ ಕೊನೆಗೆ ಪಿನ್ನು ಚೀಟಿಯಲ್ಲಿ!

ತಮಾಷೆ ನೋಡಿ. ಡಿಎಸ್‌ಸಿ ಮಾಡಿಸುವಾಗ ಪ್ಯಾನ್ ಕೊಡಿ, ಓಟಿಪಿ ಹೇಳಿ, ಮೊಬೈಲ್ ಮುಂದೆ ಮುಖ ತೋರಿಸಿ ವಿಡಿಯೋ ಮಾಡಿ. ಎಲ್ಲಾ ಏಕೆ? ಅರ್ಜಿ ಹಾಕಿದವರು ನೀವೇ ಎಂದು ಖಾತ್ರಿ ಮಾಡಿಕೊಳ್ಳಲು. ನನ್ನ ಸೋದರಮಾವ ಶರ್ಟು ಬದಲಾಯಿಸಿ, ತಲೆ ಬಾಚಿಕೊಂಡು ಆ ವಿಡಿಯೋ ಮಾಡಿಸಿದರು. ಆಮೇಲೆ ಟೋಕನ್ ಸೀದಾ ಆಡಿಟರ್ ಆಫೀಸಿಗೆ. ಮಾವ ಅದನ್ನು ಕಣ್ಣಲ್ಲೂ ಕಂಡಿಲ್ಲ. ಮೂಡಿಗೆರೆ ಕಡೆ ತೋಟ, ಜೊತೆಗೆ ಮಗನ ಹೋಂಸ್ಟೇ ಕಂಪನಿಗೆ ಡೈರೆಕ್ಟರ್ ಅವರು. "ಮಾವ, ಅದು ನಿಮ್ಮ ಸಹಿ" ಅಂದೆ. "ಅವ್ರೇ ನೋಡ್ಕೋತಾರೆ ಬಿಡೋ" ಅಂದರು. ಕಾಫಿ ಗೋಡೌನಿನ ಬೀಗದ ಕೈಯನ್ನು ಸ್ವಂತ ಮಗನಿಗೂ ಕೊಡದ ಮನುಷ್ಯ!

ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆ 2000ರ 5ನೇ ಸೆಕ್ಷನ್ ಪ್ರಕಾರ ಪೆನ್ನಿನಲ್ಲಿ ಹಾಕಿದ ಸಹಿಗೆ ಇರುವ ಬೆಲೆಯೇ ಇದಕ್ಕೂ. 42ನೇ ಸೆಕ್ಷನ್ ಇನ್ನೂ ಖಾರವಾಗಿದೆ. ಪ್ರೈವೇಟ್ ಕೀ ನಿಮ್ಮ ಹತೋಟಿಯಲ್ಲೇ ಇರುವಂತೆ ಜೋಪಾನ ಮಾಡುವವರು ನೀವು. ಕೈತಪ್ಪಿದರೆ ಸರ್ಟಿಫಿಕೇಟ್ ಕೊಟ್ಟವರಿಗೆ ತಡಮಾಡದೆ ತಿಳಿಸಬೇಕು. ತಿಳಿಸುವವರೆಗೆ ಹೊಣೆಯೂ ನಿಮ್ಮದೇ. ಡ್ರಾಯರ್ ಇಟ್ಟುಕೊಂಡವರದಲ್ಲ.

ಈಗ ಬರುತ್ತದೆ ಮಾಮೂಲಿ ಮಾತು: "ನಿಮಗೇನು ಗೊತ್ತು ಸಾರ್, ಕೊನೆಯ ದಿನ ರಾತ್ರಿ ಪೋರ್ಟಲ್ ಸತಾಯಿಸುತ್ತೆ. ಮಳೆಗಾಲದಲ್ಲಿ ತೋಟದ ಕಡೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕ್ಲೈಂಟ್ ಬಂದು ಸಹಿ ಹಾಕುವಷ್ಟರಲ್ಲಿ ದಂಡ ಬಿದ್ದಿರುತ್ತೆ." ಒಪ್ಪಿದೆ, ಅರ್ಧ ನಿಮಿಷ. ಆಡಿಟರೂ ಒಳ್ಳೆಯವರೇ. ಆದರೆ ಆ ಡ್ರಾಯರ್ ಎಳೆದದ್ದು ಆಡಿಟರ್ ಅಲ್ಲ, ಮೊನ್ನೆ ಸೇರಿದ ಹುಡುಗ. ಅವನು ಬಿಟ್ಟರೆ ಇನ್ನೊಬ್ಬ. ಇವರೆಲ್ಲರನ್ನೂ ನಾನು ನಂಬಬೇಕಾ? ಮತ್ತೆ, ಎಲ್ಲವನ್ನೂ ಕೊನೆಯ ದಿನ ರಾತ್ರಿಯೇ ಏಕೆ ಮಾಡುತ್ತೀರಿ ಅಂತ ಕೇಳುವ ಹಾಗಿಲ್ಲ, ಅಲ್ವಾ?

ಟೋಕನ್ ವಾಪಸ್ ಕೇಳಿ. ಅದರ ಜೊತೆ ಬರುವ ಸಾಫ್ಟ್‌ವೇರಿನಲ್ಲೇ ಪಿನ್ ಬದಲಾಯಿಸಬಹುದು. ಹೊಸದನ್ನು ನೆನಪಿಡಿ, ಮೇಲಿಂದ ಮೇಲೆ ತಪ್ಪು ಒತ್ತಿದರೆ ಲಾಕ್ ಆಗುತ್ತದೆ. ಸಹಿ ಬೇಕಾದಾಗ ನೀವೇ ಹೋಗಿ, ಏನಕ್ಕೆ ಹಾಕುತ್ತಿದ್ದೀರಿ ಎಂದು ಓದಿ, ನೀವೇ ಪಿನ್ ಒತ್ತಿ. ಬಿಡುವಿಲ್ಲ ಅನ್ನಬೇಡಿ. ಮದುವೆ ಊಟಕ್ಕೆ ಸಕಲೇಶಪುರದವರೆಗೂ ಹೋಗುತ್ತೀರಿ.

ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನನಗೆ ಸ್ವಲ್ಪ ಹುಚ್ಚು. 1991ರಲ್ಲಿ ಅಮೆರಿಕದ ಫಿಲ್ ಜಿಮ್ಮರ್‌ಮನ್ ಪಿಜಿಪಿ ಎಂಬ ಸಾಫ್ಟ್‌ವೇರ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ. ಇಂಥದೇ ಜೋಡಿ ಕೀಗಳಿಂದ ಪತ್ರ, ಫೈಲುಗಳನ್ನು ಬೇರೆಯವರು ಓದಲಾಗದಂತೆ ಎನ್‌ಕ್ರಿಪ್ಟ್ ಮಾಡುವ, ಸಹಿ ಹಾಕುವ ಸಾಫ್ಟ್‌ವೇರ್ ಅದು. ಎನ್‌ಕ್ರಿಪ್ಶನ್ ಕೂಡ ಆಗ ಆಯುಧದ ಲೆಕ್ಕ; ಆಯುಧ ರಫ್ತಿನ ಕಾನೂನು ಹಿಡಿದು ಅಮೆರಿಕ ಸರ್ಕಾರ ವರ್ಷಗಟ್ಟಲೆ ಅವನ ಮೇಲೆ ತನಿಖೆ ನಡೆಸಿತು. ಸಾಮಾನ್ಯ ಜನರ ಕೈಗೂ ಕೀ ಸಿಗಲಿ ಎಂದು ಆತ ಅಷ್ಟು ಅನುಭವಿಸಿದ. ನಾವು ಸಿಕ್ಕಿದ ಕೀಯನ್ನೂ ಕೊಟ್ಟು ಬರುತ್ತೇವೆ.

ನನ್ನ ಲ್ಯಾಪ್‌ಟಾಪಿನಲ್ಲಿ ಜಿಪಿಜಿ ಇದೆ. ಪುಕ್ಕಟೆ ಸಾಫ್ಟ್‌ವೇರ್, ಪಿಜಿಪಿ ಮಾಡುವ ಕೆಲಸವೇ ಇದರದೂ. ಮನೆ ಪತ್ರ, ಪಹಣಿ, ಅಪ್ಪನ ವಿಲ್ಲಿನ ಸ್ಕ್ಯಾನ್ ಎಲ್ಲವನ್ನೂ ನನ್ನ ಪಬ್ಲಿಕ್ ಕೀ ಬಳಸಿ ಎನ್‌ಕ್ರಿಪ್ಟ್ ಮಾಡಿಟ್ಟಿದ್ದೇನೆ. ನನ್ನ ಪ್ರೈವೇಟ್ ಕೀ ಮತ್ತು ಪಾಸ್‌ಫ್ರೇಸ್ ಇಲ್ಲದೆ ತೆರೆಯುವುದಿಲ್ಲ. ಕೀ ಕಳೆದುಹೋದರೆ ರದ್ದು ಮಾಡಲು ರಿವೊಕೇಶನ್ ಸರ್ಟಿಫಿಕೇಟ್ ಪ್ರಿಂಟ್ ಹಾಕಿ ಬೀರುವಿನಲ್ಲಿಟ್ಟಿದ್ದೇನೆ. ಪಬ್ಲಿಕ್ ಕೀಯನ್ನು ಕೇಳಿದವರಿಗೂ ಕೇಳದವರಿಗೂ ಹಂಚಿದ್ದೇನೆ. ಅದನ್ನು ಬಳಸಿ ನನಗೆ ಇದುವರೆಗೆ ಒಬ್ಬರೂ ಒಂದು ಸಾಲು ಕಳಿಸಿಲ್ಲ. ಎಲ್ಲರ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಫೋಟೋ ಬರುವುದು ವಾಟ್ಸಾಪಿನಲ್ಲೇ. ಅದೂ ಫ್ಯಾಮಿಲಿ ಗ್ರೂಪಿಗೆ. ಕೆಳಗೊಂದು ಸಾಲು: "ಯಾರೂ ನೋಡ್ಬೇಡಿ, ಆಡಿಟರ್‌ಗೆ ಕಳಿಸ್ಬೇಕಿತ್ತು."